ಮಲ್ಲಿಗೆ ಅಮ್ಮನ ಸೀರೆ, ನಾಲ್ಕು ಲುಂಗಿ: ಎರಡು ಮನೆಗೆ ಕೌದಿ ಕೊಟ್ಟಾಯಿತು, ಮೂರನೇ ಮನೆಯದು ಕಪಾಟಿನಲ್ಲಿ

ತೀರಿಹೋದವರ ಹಳೆ ಬಟ್ಟೆಯಿಂದ ಕೌದಿ ಹೊಲಿದು ಆ ಮನೆಯವರಿಗೇ ಕೊಡುವುದು. ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆ ಜಗಲಿಯಲ್ಲಿ ಈ ಮೇ ತಿಂಗಳಲ್ಲಿ ಶುರುವಾದ ಕೆಲಸ ಇದು. ಎರಡು ಮನೆಗೆ ಕೊಟ್ಟಾಯಿತು. ಮೂರನೆಯದು ಹೊಲಿದಾಗಿದೆ, ಕೊಟ್ಟಿಲ್ಲ. ಮುಂದೆ ಯಾರಾದರೂ ಇದಕ್ಕೆ ಕೈ ಹಾಕಿದರೆ, ನಾನು ಹಾಳು ಮಾಡಿದಷ್ಟು ಬಟ್ಟೆಯಾದರೂ ಅವರ ಕೈಯಲ್ಲಿ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ.

ನನ್ನ ಹೊಲಿಗೆ ವಿದ್ಯೆ ಎಷ್ಟೆಂದು ಮೊದಲೇ ಹೇಳುತ್ತೇನೆ. ರವಕೆಗೆ ಹುಕ್ಕು, ದಿಂಬಿನ ಚೀಲ, ಮಕ್ಕಳ ಯೂನಿಫಾರ್ಮ್ ಪ್ಯಾಂಟಿನ ಕೆಳ ಅಂಚು. ಅಷ್ಟೇ. ಅಮ್ಮನ ಕಾಲದ ಕಾಲುಮೆಷಿನ್ ಒಂದು ಉಂಟು. "ಈ ಸೆಕೆಗೆ ಕೌದಿ ಹೊದೆಯುವವರು ಯಾರು ಮಾರಾಯ್ತಿ?" ಅಂತ ಗಂಡ ಕೇಳಿದರು. ಆಟಿ ತಿಂಗಳ ಮಳೆಗೆ ಹೊದೆಯಬಹುದು ಅಂದೆ. ಆಗ ಅದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೇ 12: ಬಟ್ಟೆ ಕೇಳಿದ್ದು

ಮೊದಲ ಮನೆ ಶಂಕರಪುರದ ಕಡೆಯದು. ಕಾಲೇಜಿನಲ್ಲಿ ಜೊತೆಗಿದ್ದ ಗೆಳತಿಯ ಅಮ್ಮ ಮಾರ್ಚ್‌ನಲ್ಲಿ ತೀರಿಕೊಂಡರು. ಜೀವಮಾನ ಪೂರ್ತಿ ಮಲ್ಲಿಗೆ ಕಟ್ಟಿದವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಟಿವಿ ನೋಡುತ್ತಾ, ನಮ್ಮ ಹತ್ತಿರ ಮಾತಾಡುತ್ತಾ ಕಟ್ಟುತ್ತಿದ್ದರು, ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ.

ಬೊಜ್ಜದ (ಉತ್ತರಕ್ರಿಯೆಯ) ದಿನವೇ ಕೇಳೋಣ ಅಂತ ಹೋಗಿದ್ದೆ. ಬಾಯಿ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು. ಆ ಹೊತ್ತಿನಲ್ಲಿ ಮನೆ ತುಂಬ ಜನ, ಊಟದ ಗಡಿಬಿಡಿ, ಯಾರಿಗೂ ತಲೆ ಇರುವುದಿಲ್ಲ. ಎರಡು ತಿಂಗಳು ಬಿಟ್ಟು ಕೇಳಿದೆ. ಗೆಳತಿ ಒಳಗೆ ಹೋಗಿ ಮೂರು ಪಟ್ಟೆ ಸೀರೆ, ಅಂದರೆ ರೇಷ್ಮೆಯದು, ತಂದಿಟ್ಟಳು. ಒಂದಕ್ಕೆ ಇನ್ನೂ ಅಂಗಡಿಯ ಮಡಿಕೆ ಇತ್ತು.

"ಇದನ್ನು ಅಮ್ಮ ಎಷ್ಟು ಸಲ ಉಟ್ಟಿದ್ದಾರೆ?" ಅಂದೆ. ಅವಳು ಯೋಚಿಸಿ, ಎರಡು ಮದುವೆಗೆ ಅಂದಳು. ಮನೆಯಲ್ಲಿ ದಿನಾ ಎಂತ ಉಡುತ್ತಿದ್ದರು ಅಂತ ಕೇಳಿದ ಮೇಲೆ ಮಂಚದಡಿಯಿಂದ ಒಂದು ಗಂಟು ಬಂತು. ಮೂರು ವಾಯಿಲ್ ಸೀರೆ, ಎರಡು ನೈಟಿ, ಒಂದು ಬೈರಾಸು (ಟವೆಲು). "ಇದು ಒಟ್ರಾಶಿ ಬಟ್ಟೆ, ಬೇಡ" ಅಂತ ಅವಳೇ ಹಿಂದೆ ತೆಗೆದುಕೊಳ್ಳಲು ನೋಡಿದಳು. ನಾನು ಗಂಟನ್ನು ಬಿಡಲಿಲ್ಲ. ಪಟ್ಟೆ ಸೀರೆ ಮೂರನ್ನೂ ವಾಪಸ್ ಕೊಟ್ಟೆ. ಇಷ್ಟೂ ಕೆಲಸದಲ್ಲಿ ಮೊದಲ ಸಲಕ್ಕೇ ಸರಿ ಬಂದದ್ದು ಇದೊಂದೇ.

ಮೇ 13: ಅಳತೆ

1987ರಲ್ಲಿ ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಅವರ ಮನೆಯವರು, ಗೆಳೆಯರು ಸೇರಿ ಹೊಲಿಯಲು ಶುರು ಮಾಡಿದ ದೊಡ್ಡ ಕೌದಿಯ ಬಗ್ಗೆ ಓದಿದ್ದೆ. ಆ ವರ್ಷದ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳನ್ನು ಹಾಸಿದ್ದರಂತೆ. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಒಂದು ಗೋರಿಯ ಅಳತೆ, ಬೇಕೆಂದೇ ಇಟ್ಟದ್ದು. ಅದು ಬಯಲಿನಲ್ಲಿ ಹಾಸಿ ಊರಿಗೇ ತೋರಿಸಲು ಮಾಡಿದ್ದು. ನನ್ನದು ಮಂಚಕ್ಕೆ, ಮಲಗಲು. ಹಾಗಾಗಿ ಆ ಅಳತೆ ಬಿಟ್ಟು, ಒಬ್ಬರು ಹೊದ್ದು ಕಾಲಡಿಗೆ ಸಿಕ್ಕಿಸಿಕೊಳ್ಳುವ ಹಾಗೆ 60 ಇಂಚು ಅಗಲ, 84 ಇಂಚು ಉದ್ದ ಇಟ್ಟೆ.

ಒಳಗೆ ಹತ್ತಿ ತುಂಬಲಿಲ್ಲ. ನಮ್ಮ ಹವೆಗೆ ಅದು ಜೂನ್‌ನಲ್ಲೇ ಬೂಸ್ಟು ಹಿಡಿಯುತ್ತದೆ. ನನ್ನದೇ ಹಳೆ ಕಾಟನ್ ಸೀರೆ ಎರಡು ಪದರ ನಡುವೆ. ಅಡಿಗೆ ಉಡುಪಿ ರಥಬೀದಿ ಹತ್ತಿರ ತಂದ ಬಿಳಿ ಕಾಟನ್, 45 ಇಂಚು ಪನ್ನ (ಅಗಲ), ಮೂರೂವರೆ ಮೀಟರು. ಅದನ್ನು ಎರಡು ತುಂಡು ಮಾಡಿ ಅಡ್ಡಕ್ಕೆ ಜೋಡಿಸಿದರೆ ಈ ಅಳತೆಗೆ ಸಾಕು.

ಮೇ 15–20: ಒಗೆದು ಗಂಜಿ ಹಾಕಿದ್ದು

ಹಳೆ ವಾಯಿಲ್ ಅಂದರೆ ಈರುಳ್ಳಿ ಸಿಪ್ಪೆ. ಕತ್ತರಿ ಇಟ್ಟರೆ ಜಾರುತ್ತದೆ. ಗಟ್ಟಿಯಾಗಲಿ ಅಂತ ಗಂಜಿ ತಿಳಿ ಹಾಕಿದೆ. ಮನೆಯಲ್ಲಿ ದಿನಾ ಆಗುವುದು ಕುಚ್ಚಲಕ್ಕಿ ಗಂಜಿ, ಅದನ್ನೇ ಸೋಸಿ ಹಾಕಿದ್ದು. ಬಣ್ಣದ ಸೀರೆಗೆ ತೊಂದರೆ ಇಲ್ಲ. ಬಿಳಿ ಬೈರಾಸು ಮಾತ್ರ ಚಹಾ ಬಿದ್ದ ಹಾಗೆ ಕಂದು ಬಣ್ಣಕ್ಕೆ ಬಂತು. ಬಿಳಿಗೆ ಬೆಳ್ತಿಗೆ (ಬಿಳಿ) ಅಕ್ಕಿಯ ಗಂಜಿಯೇ ಬೇಕು. ಅದನ್ನು ಇನ್ನೊಮ್ಮೆ ಒಗೆದೆ.

ಎರಡನೇ ತಪ್ಪು: ಗಂಜಿ ಹಾಕಿದ ಬಟ್ಟೆಯನ್ನು ಮಡಚಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ನಾಲ್ಕು ದಿನ ಮಗಳ ಮನೆಗೆ ಹೋದೆ. ಬಂದು ನೋಡಿದರೆ ನೀಲಿ ಸೀರೆಯ ಮಡಿಕೆಯಲ್ಲಿ ಜಿರಳೆ ತಿಂದ ಏಳು ತೂತು. ಗಂಜಿ ನಮಗೂ ಊಟ, ಅದಕ್ಕೂ ಊಟ. ಗಂಜಿ ಹಾಕಿದ ದಿನವೇ ಕತ್ತರಿಸಬೇಕು. ಆಗದಿದ್ದರೆ ಹಾಕಲೇಬಾರದು.

ಮೇ 25–30: ಚೌಕ ಕತ್ತರಿಸಿದ್ದು, ಮೆಷಿನ್‌ನಲ್ಲಿ ಸೋತದ್ದು

ಮೊಬೈಲ್‌ನಲ್ಲಿ ನೋಡಿದ ವಿಡಿಯೋದ ಹಾಗೆ 7 ಇಂಚಿನ ಚೌಕ ಕತ್ತರಿಸಿದೆ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ 6 ಇಂಚು ಉಳಿಯಬೇಕು. ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140 ಚೌಕ. ಕತ್ತರಿಸುವಾಗ ಕಲೆ ಇದ್ದ ತುಂಡುಗಳನ್ನು ಬೇರೆ ಮಾಡಿದೆ. ಸೀರೆಗಳ ನಡುಭಾಗದಲ್ಲಿ, ಮಡಿಲು ಬರುವಲ್ಲಿ, ಕಂದು ಕಂದು ಮಚ್ಚೆ ಇದ್ದವು. ಸುಮಾರು ಒಂಬತ್ತು ತುಂಡು. ಕಲೆ ಬಟ್ಟೆ ಕೊಟ್ಟರೆ ಚಂದ ಕಾಣುವುದಿಲ್ಲ ಅಂತ ಒರೆಸುವ ಬಟ್ಟೆಯ ಚೀಲಕ್ಕೆ ಹಾಕಿದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಚೌಕ ಜೋಡಿಸಿದ ಮೇಲೆ ಅಳೆದರೆ ಮೊದಲ ಸಾಲು 58 ಇಂಚು, ಮೂರನೆಯದು 61. ಹಳೆ ಬಟ್ಟೆ ಒಂದೊಂದು ಕಡೆಗೆ ಒಂದೊಂದು ಥರ ಎಳೆಯುತ್ತದೆ. ಬಿಚ್ಚಿದೆ, ಪುನಃ ಹೊಲಿದೆ. 59 ಮತ್ತು 60 ಮುಕ್ಕಾಲು. ಬಿಟ್ಟೆ.

ನಾಲ್ಕು ಪದರ ಸೇರಿಸಿ ಮೆಷಿನ್‌ಗೆ ಕೊಟ್ಟಾಗ ಇನ್ನೊಂದು ಕಥೆ. 14ನೇ ನಂಬರಿನ ಸೂಜಿ ಎರಡು ಮುರಿಯಿತು. 16 ಹಾಕಿದೆ, ಸೂಜಿ ನಿಂತಿತು, ನೂಲು ಅಡಿಯಲ್ಲಿ ಗುಬ್ಬಚ್ಚಿ ಗೂಡಿನ ಹಾಗೆ ಗಂಟು ಕಟ್ಟಿತು. ರಿಪೇರಿಯವರು ಬಂದು 350 ರೂಪಾಯಿ ತೆಗೆದುಕೊಂಡು ಎಣ್ಣೆ ಬಿಟ್ಟು ಟೆನ್ಷನ್ ಸರಿ ಮಾಡಿದರು. ಆದರೂ ಮೇಲಿನ ಪದರ ಮುಂದೆ ಓಡಿ, ಅಡಿಯದು ಹಿಂದೆ ಉಳಿದು, ನಡುವೆ ನಿರಿಗೆ. ಮೆಷಿನ್‌ನ ತಪ್ಪಲ್ಲ. ಅದಕ್ಕೆ ಹೇಳಿದ ಕೆಲಸವೇ ಅದರದ್ದಲ್ಲ.

ಜೂನ್ 3: ಬಾದಾಮಿ ಕಡೆಯ ಅಕ್ಕ

ನಮ್ಮ ಮನೆ ಹಿಂದೆ ಒಂದು ಕಟ್ಟಡ ಏಳುತ್ತಿದೆ. ಅಲ್ಲಿ ಕೆಲಸಕ್ಕೆ ಬಂದ ಬಾದಾಮಿ ಕಡೆಯ ಹೆಂಗಸೊಬ್ಬರು ನೀರಿಗೆ ನಮ್ಮ ಬಾವಿಕಟ್ಟೆಗೆ ಬರುತ್ತಾರೆ. ಜಗಲಿಯಲ್ಲಿ ಹರಡಿದ್ದನ್ನು ನೋಡಿ ನಿಂತರು. ಗಂಜಿಯಿಂದ ಸೆಟೆದ ಬಟ್ಟೆಯನ್ನು ಬೆರಳಲ್ಲಿ ಬಾರಿಸಿ, "ಇದೇನ್ರಿ ಅಕ್ಕಾರ, ಹಪ್ಪಳ ಹೊಲಿಯಾಕ ಹತ್ತೀರಲ್ಲ!" ಅಂದರು.

ಅವರ ಮನೆಯಲ್ಲಿ ಕೌದಿ ಪ್ರತಿಯೊಬ್ಬರ ಹಾಸಿಗೆಗೂ ಉಂಟು. ಅರ್ಧ ಗಂಟೆ ಕುಳಿತು ತೋರಿಸಿದರು. ಚೌಕಗಳನ್ನು ಮೊದಲು ಒಂದಕ್ಕೊಂದು ಜೋಡಿಸುವ ಕೆಲಸವೇ ಇಲ್ಲ. ಅಡಿಯ ಬಟ್ಟೆ, ಸೀರೆ ಪದರ ಹಾಸಿ ನಾಲ್ಕೂ ಬದಿಗೆ ಭಾರ ಇಡಬೇಕು. ತುಂಡನ್ನು ಅಂಚು ಒಳಗೆ ಮಡಚಿ ಮೇಲಿಟ್ಟು, ಎಲ್ಲಾ ಪದರಕ್ಕೂ ಹೋಗುವ ಹಾಗೆ ಕೈಯಲ್ಲೇ ಹೊಲಿಯುತ್ತಾ ಹೋಗಬೇಕು. ನಾನು ನಡುವಿನಿಂದ ಶುರು ಮಾಡಲು ಹೊರಟಾಗ ಕೈ ಹಿಡಿದರು. "ನಡುವಿಂದ ಯಾಕ? ಅಂಚು ಹಿಡೀರಿ ಮೊದ್ಲ. ಒಳಗ ತಾನ ಬರತೈತಿ." ಹೊರಗಿನಿಂದ ಸುತ್ತು ಸುತ್ತಾಗಿ ಒಳಗೆ. ತುಂಡು ಒಂದು ದೊಡ್ಡದು ಒಂದು ಚಿಕ್ಕದು ಇದ್ದರೂ ಲೆಕ್ಕಕ್ಕಿಲ್ಲ. ನನ್ನ ಸೊಟ್ಟ ಚೌಕಗಳಿಗೆ ಅಂತೂ ಮೋಕ್ಷ ಸಿಕ್ಕಿತು.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರೂ ಕೌದಿಯನ್ನು ಅಂಚಿನಿಂದಲೇ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವಿನ ಹಾಗೆ ಸಿಕ್ಕಿಸುತ್ತಾರೆ. ಅದನ್ನು ನಾನೂ ಮಾಡಿದೆ. ಮಲ್ಲಿಗೆ ಕಟ್ಟಿದವರ ಕೌದಿಗೆ ಮೂಲೆಯಲ್ಲಿ ಹೂ ಇಲ್ಲದಿದ್ದರೆ ಹೇಗೆ?

ಜೂನ್ 4–22: ಕೈಹೊಲಿಗೆ

ಮೊದಲು ಎಲ್ಲಾ ತುಂಡುಗಳ ಗಂಜಿ ತೆಗೆದೆ. ಆಮೇಲೆ 20ನೇ ನಂಬರಿನ ಹತ್ತಿ ನೂಲು, ಮೇಣದಬತ್ತಿಗೆ ಒಮ್ಮೆ ಉಜ್ಜಿ. ಉಜ್ಜದಿದ್ದರೆ ಸಿಕ್ಕಾಗುತ್ತದೆ. ಹೊಲಿಗೆ ಕಾಲು ಇಂಚಿಗೆ ಒಂದು, ಸಾಲಿನಿಂದ ಸಾಲಿಗೆ ಒಂದು ಇಂಚು. ಲೆಕ್ಕ ಹಾಕಿದರೆ 7 ಅಡಿಯ 60 ಸಾಲಿನಷ್ಟು, ಅಂದರೆ 420 ಅಡಿ ಹೊಲಿಗೆ. ಗಂಟೆಗೆ 15 ಅಡಿ ಆಗುತ್ತಿತ್ತು. ದಿನಕ್ಕೆ ಒಂದೂವರೆ ಗಂಟೆಯಂತೆ 19 ದಿನ. ಬೆರಳಿಗೆ ತೊಡುವ ಟೋಪಿ ಬೇಡ ಅಂತ ಧಿಮಾಕು ಮಾಡಿ ಮೂರನೇ ದಿನ ಬೆರಳಿನ ರಕ್ತ ಬಿಳಿ ಅಂಚಿಗೆ ಹತ್ತಿತು. ತಣ್ಣೀರು, ಸೋಪು, ಕೂಡಲೇ. ಬಿಸಿನೀರು ಹಾಕಿದ್ದರೆ ಕಲೆ ಕೂತೇ ಬಿಡುತ್ತಿತ್ತು.

ಮಳೆ ಹಿಡಿದಿತ್ತು. ಅರ್ಧ ಹೊಲಿದ ಕೌದಿಯನ್ನು ರಾತ್ರಿ ಮಡಚಿಟ್ಟರೆ ಬೆಳಿಗ್ಗೆ ತೇವದ ವಾಸನೆ. ಹಾಗಾಗಿ ಮಡಚಲಿಲ್ಲ. ಊಟದ ಮೇಜಿನ ಮೇಲೆಯೇ ಹಾಸಿಟ್ಟೆ. 19 ದಿನ ನಾವು ನೆಲದಲ್ಲಿ ಕುಳಿತು ಊಟ ಮಾಡಿದೆವು.

ಜೂನ್ 24: ತೋರಿಸಿದ್ದು

ಗೆಳತಿ ಬಂದಳು. ಬಿಡಿಸಿದೆ. ಚಂದ ಉಂಟು ಅಂದಳು. ಆ ಮೇಲೆ ಒಂದೊಂದೇ ತುಂಡಿನ ಮೇಲೆ ಕೈ ಆಡಿಸುತ್ತಾ ಏನೋ ಹುಡುಕಿದಳು. ತುದಿಯಿಂದ ತುದಿಗೆ ಎರಡು ಸಲ.

"ಅಮ್ಮನ ಕರೆ ಎಲ್ಲಿ?" ಅಂದಳು.

ನನಗೆ ಮೊದಲು ತಲೆಗೆ ಹೋಗಲಿಲ್ಲ. ಮಲ್ಲಿಗೆ ಕಟ್ಟುವುದು ಬಾಳೆ ನಾರಿನಲ್ಲಿ. ಅವಳ ಅಮ್ಮ ನಾರನ್ನು ತಾವೇ ಬಾಳೆಯಿಂದ ಸೀಳಿ ತೆಗೆಯುತ್ತಿದ್ದರು, ಮಡಿಲಲ್ಲಿ ಇಟ್ಟುಕೊಂಡು. ಬಾಳೆಯ ಕರೆ ಒಮ್ಮೆ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ನಾನು ಕತ್ತರಿಸಿ ಬಿಸಾಡಿದ ಆ ಕಂದು ಮಚ್ಚೆಗಳು ಅವು. ಚಿಕ್ಕವಳಿದ್ದಾಗ ಆ ಮಡಿಲಲ್ಲಿ ತಲೆ ಇಟ್ಟು ಮಲಗುತ್ತಿದ್ದವಳು ಅವಳು. ಮುಖದ ಹತ್ತಿರ ಇದ್ದದ್ದು ಅದೇ ಕಲೆ.

ನಾನು ಒಳಗೆ ಹೋಗಿ ಒರೆಸುವ ಬಟ್ಟೆಯ ಚೀಲ ಸುರಿದೆ. ಒಂಬತ್ತರಲ್ಲಿ ಐದು ಸಿಕ್ಕಿತು. ನಾಲ್ಕನ್ನು ನಾನೇ ಗ್ಯಾಸ್ ಕಟ್ಟೆ ಒರೆಸಿ ಬಿಸಾಡಿದ್ದೆ. ಆ ದಿನ ಅವಳಿಗೆ ಐದೇ ಇದ್ದದ್ದು ಅಂತ ಹೇಳಿದೆ. ಹತ್ತು ದಿನ ಕಳೆದು ಕೌದಿ ಕೊಡುವಾಗ ನಿಜ ಹೇಳಿದೆ. ಅವಳು ನಕ್ಕಳು, ಅಮ್ಮನೂ ಹಳೆ ಸೀರೆ ಹರಿದು ಅದನ್ನೇ ಮಾಡುತ್ತಿದ್ದರು ಅಂದಳು. ನಗುವಾಗ ಕೈ ಮಾತ್ರ ಆ ತುಂಡುಗಳ ಮೇಲೆಯೇ ಇತ್ತು.

ರಿಪೇರಿ ಹೀಗೆ ಮಾಡಿದೆ: ತಲೆ ಬರುವ ಬದಿಯಲ್ಲಿ ಮೂರನೇ ಸುತ್ತಿನ ಹೊಲಿಗೆ ಎರಡು ಅಡಿಯಷ್ಟು ಬಿಚ್ಚಿ, ಐದೂ ತುಂಡನ್ನು ಅಂಚು ಮಡಚಿ ಮೇಲಿಂದ ಇಟ್ಟು ಪುನಃ ಹೊಲಿದದ್ದು. ಆ ಜಾಗ ಉಳಿದದ್ದಕ್ಕಿಂತ ಒಂದು ಪದರ ದಪ್ಪ. ನೋಡಿದರೆ ತೇಪೆ ಅಂತ ಗೊತ್ತಾಗುತ್ತದೆ. ತೂಕ 1 ಕೆಜಿ 200 ಗ್ರಾಂ.

ಖರ್ಚು: ಅಡಿಯ ಬಟ್ಟೆ 315, ನೂಲು ಆರು ಉಂಡೆ 180, ಸೂಜಿ 40, ಮೆಷಿನ್ ರಿಪೇರಿ 350, ಮೇಣದಬತ್ತಿ 10. ಒಟ್ಟು 895 ರೂಪಾಯಿ. ಇದರಲ್ಲಿ 350 ಸುಮ್ನೆ ಹೋದದ್ದು.

ಜುಲೈ: ಮಲ್ಪೆಯ ಲುಂಗಿ

ಎರಡನೆಯದು ಬೋಟಿಗೆ ಹೋಗುತ್ತಿದ್ದವರೊಬ್ಬರ ಮನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೇರೆ ವರ್ಷ ಆ ದಿನಗಳಲ್ಲಿ ಅವರು ಮನೆಯಲ್ಲೇ ಇರುತ್ತಿದ್ದರು. ಆ ಎರಡು ತಿಂಗಳು ಮುಗಿಯುವ ಮೊದಲು ಕೊಟ್ಟುಬಿಡಿ ಅಂತ ಅವರ ಹೆಂಡತಿಯೇ ಹೇಳಿದ್ದು.

ಗಂಡಸರ ಬಟ್ಟೆ ತೀರಾ ಕಡಿಮೆ ಇರುತ್ತದೆ. ನಾಲ್ಕು ಲುಂಗಿ, ಮೂರು ಶರ್ಟು, ಒಂದು ಬಿಳಿ ಮುಂಡು. ಮಕ್ಕಳು ಮೂವರು. ಒಂದೇ ಕೌದಿ ಮಾಡಿದರೆ ಮುಂದೆ ಅದು ಯಾರಿಗೆ ಅಂತ ಜಗಳ. ಆದ್ದರಿಂದ 36×48 ಇಂಚಿನ ಮೂರು ಚಿಕ್ಕದು. ಪ್ರತಿಯೊಂದರಲ್ಲೂ ನಾಲ್ಕೂ ಲುಂಗಿಯ ತುಂಡು ಇರಬೇಕು ಅಂತ ದೊಡ್ಡ ಮಗನ ಷರತ್ತು. ಶರ್ಟಿನಲ್ಲಿ ಎರಡು ಪಾಲಿಯೆಸ್ಟರ್. ಅಂಚಿನ ಒಂದು ಎಳೆ ತೆಗೆದು ಬೆಂಕಿ ತೋರಿಸಿದರೆ ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಅದನ್ನು ನೋಡದೆ ಒಂದು ಕಾಲರನ್ನು ಜೋರು ಇಸ್ತ್ರಿಯಲ್ಲಿ ಸುಟ್ಟಿದ್ದೇನೆ.

ದೊಡ್ಡ ಎಡವಟ್ಟು ಬಣ್ಣದ್ದು. ಕೆಂಪು ಚೌಕುಳಿ ಲುಂಗಿಯನ್ನು ಮುಂಡಿನ ಜೊತೆ ನೆನೆಹಾಕಿದೆ. ಹಳೆ ಬಟ್ಟೆ, ಬಿಡುವ ಬಣ್ಣ ಎಲ್ಲಾ ಬಿಟ್ಟಿರುತ್ತದೆ ಅಂತ ಧೈರ್ಯ. ಮುಂಡು ಗುಲಾಬಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಒಂದು ರಾತ್ರಿ ಉಪ್ಪುನೀರು, ಇನ್ನೊಂದು ರಾತ್ರಿ ವಿನೆಗರ್. ಮರುದಿನ ಒಗೆದರೆ ನೀರು ಮೊದಲಿನಷ್ಟೇ ಕೆಂಪು. ಕೊನೆಗೆ ಬಚ್ಚಲ ಹಂಡೆಯ ಬಿಸಿನೀರು ಬಕೆಟ್ ತುಂಬ, ಸೋಪಿನ ಪುಡಿ, ಲುಂಗಿ ಒಂದೇ, 12 ಗಂಟೆ. ನೀರು ಚೆಲ್ಲಿ ಪುನಃ ಅದೇ. ಮೂರನೇ ಸಲಕ್ಕೆ ನೀರು ತಿಳಿಯಾಯಿತು. ಬಣ್ಣವನ್ನು ಹಿಡಿದಿಡುವುದಲ್ಲ, ಬಿಡುವಷ್ಟನ್ನು ಬಿಡಿಸಿ ಮುಗಿಸುವುದು. ಮುಂಡಿಗೂ ಅದೇ ಮಾಡಿದೆ. ತೆಳು ಗುಲಾಬಿ ಉಳಿಯಿತು. ಅದನ್ನು ಹಾಗೇ ಬಳಸಿದೆ.

ಅವರ ಹೆಂಡತಿ ಒಂದು ಬೈರಾಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ಇದನ್ನು ಒಗೆಯಬೇಡಿ ಅಂದರು. ಬಿಚ್ಚಿ ಮೂಸಲಿಲ್ಲ, ನನಗೆ ಅದರ ಹಕ್ಕಿಲ್ಲ. ಒಗೆಯದ ಬಟ್ಟೆಯನ್ನು ಕೌದಿಗೆ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಎಲ್ಲಾ ಹೋಗುತ್ತದೆ. ಚಿಕ್ಕವನ ಕೌದಿಯ ಅಡಿಬದಿಗೆ 8 ಇಂಚಿನ ಕಿಸೆ ಇಟ್ಟು, ಎರಡು ಗುಂಡಿ ಹಾಕಿದೆ. ಒಗೆಯುವಾಗ ತೆಗೆದು, ಆ ಮೇಲೆ ಪುನಃ ಒಳಗೆ ಇಡಬಹುದು. ಜುಲೈ 29ಕ್ಕೆ ಕೊಟ್ಟೆ. ಖರ್ಚು ಮೂರಕ್ಕೂ ಸೇರಿ 610.

ಆಗಸ್ಟ್–ಸೆಪ್ಟೆಂಬರ್: ಸುರತ್ಕಲ್‌ನದು

ಇದರಲ್ಲಿ ಹೊಲಿಗೆಯ ತಪ್ಪು ಒಂದೂ ಇಲ್ಲ. ಅಂಚು ನೇರ ಬಂದಿದೆ, ಮೂಲೆಯ ಹೂ ನಾಲ್ಕೂ ಒಂದೇ ಸಮ.

ಸುರತ್ಕಲ್‌ನ ಒಬ್ಬ ಹುಡುಗ, ಮಲ್ಪೆಯ ಕೌದಿ ನೋಡಿ, ತನ್ನ ಅಜ್ಜಿಯ ಸೀರೆ ತಂದುಕೊಟ್ಟ. ಐದು ಸೀರೆ. ಅಜ್ಜನಿಗೆ ಸರ್‌ಪ್ರೈಸ್ ಕೊಡೋಣ ಅಂದ. ನಾನೂ ಸರಿ ಅಂದೆ. ಸೆಪ್ಟೆಂಬರ್ ಎರಡನೇ ವಾರ ಅವರ ಮನೆಗೇ ಒಯ್ದು ಅಜ್ಜನ ಮಂಚದ ಮೇಲೆ ಬಿಡಿಸಿದೆವು. ಅಜ್ಜ ಎದ್ದು ನಿಂತರು. ಮುಟ್ಟಲಿಲ್ಲ.

"ಅವಳ ಸೀರೆಗೆ ಕತ್ತರಿ ಹಾಕಿದ್ದು ಯಾರು?" ಅಂದರು.

ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು ಅನ್ನುವವರು ನಮ್ಮ ಕಡೆ ಇದ್ದಾರೆ. ಅಜ್ಜನದು ಅದಲ್ಲ. ಐದೂ ಸೀರೆ ಅವರ ಕಪಾಟಿನಲ್ಲೇ ಇದ್ದದ್ದು, ಮಡಿಕೆ ಬದಲಿಸದೆ. ಮೊಮ್ಮಗ ಅವರು ದೇವಸ್ಥಾನಕ್ಕೆ ಹೋದಾಗ ತೆಗೆದದ್ದು. ನಾನು ಕೇಳಬೇಕಿದ್ದದ್ದು ಅಜ್ಜನನ್ನು, ಕೇಳಿದ್ದು ಮೊಮ್ಮಗನನ್ನು. ಚೌಕ ಸೊಟ್ಟ ಬಂದರೆ ಬಿಚ್ಚಿ ಹೊಲಿಯಬಹುದು. ಕತ್ತರಿಸಿದ ಸೀರೆಯನ್ನು ಸೀರೆ ಮಾಡಲು ನನಗೆ ಬರುವುದಿಲ್ಲ. ಕೈಮುಗಿದು ಕೌದಿ ಮಡಚಿಕೊಂಡು ಬಂದೆ.

ಈಗ ಯಾರ ಮನೆಯ ಬಟ್ಟೆ ಬಂದರೂ ಎರಡು ವಾರ ಕತ್ತರಿ ಮುಟ್ಟುವುದಿಲ್ಲ. ಆ ಮನೆಯಲ್ಲಿ ದಿನಾ ಆ ಕಪಾಟು ತೆರೆಯುವವರು ಯಾರು ಅಂತ ಕೇಳಿ, ಅವರ ಹತ್ತಿರವೇ ಮಾತಾಡುತ್ತೇನೆ.

ಸುರತ್ಕಲ್‌ನ ಕೌದಿ ಈಗ ನಮ್ಮ ಕಪಾಟಿನಲ್ಲಿದೆ, ಹಳೆ ಮುಂಡಿನಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಸೊಪ್ಪು ಇಟ್ಟು. ಮೊನ್ನೆ ಭಾನುವಾರ ಆ ಹುಡುಗ ಫೋನ್ ಮಾಡಿದ. ಅಜ್ಜ ಒಂದು ಮಾತು ಕೇಳಲು ಹೇಳಿದರಂತೆ: ಹಸಿರು ಸೀರೆಯ ಸೆರಗನ್ನೂ ತುಂಡು ಮಾಡಿದ್ದಾರಾ?

ಮಾಡಿರಲಿಲ್ಲ. ಆ ಸೆರಗು ತೀರಾ ಸವೆದಿತ್ತು, ಕತ್ತರಿಸಿದರೆ ಎಳೆ ಬಿಡುತ್ತಿತ್ತು. ಇಡಿಯಾಗಿ ನಡುವೆ ಹಾಸಿ ಸುತ್ತ ಹೊಲಿದಿದ್ದೆ. ಹಾಗೇ ಹೇಳು ಅಂದೆ. ಆ ಮೇಲೆ ಫೋನ್ ಬಂದಿಲ್ಲ. ಹದಿನೈದು ದಿನಕ್ಕೊಮ್ಮೆ ಕೌದಿಯನ್ನು ಬಿಸಿಲಿಗೆ ಹಾಕುತ್ತೇನೆ, ಹಸಿರು ಮಾಸಬಾರದೆಂದು ನಡುಭಾಗಕ್ಕೆ ಬೈರಾಸು ಮುಚ್ಚಿ.